ಅಂಗಳದಲ್ಲಿ ಬಿಚ್ಚಿದ ಬೈಕು

ಬೆಳಗ್ಗೆ ಏಳೂವರೆ ಆಯಿತೆಂದು ತಿಳಿಯಲು ನಮ್ಮ ಬೀದಿಯವರು ಗಡಿಯಾರ ನೋಡುತ್ತಿರಲಿಲ್ಲ. ನಲ್ಲಿಯಣ್ಣ ತನ್ನ ಹಳೇ ಬೈಕಿನ ಕಿಕ್ಕರ್ ತುಳಿಯುವ ಸದ್ದು ಕೇಳಿದರೆ ಸಾಕಿತ್ತು. ಹತ್ತು ಸಲ ತುಳಿದರೂ ಬೈಕು ಜಪ್ಪಯ್ಯ ಅನ್ನುತ್ತಿರಲಿಲ್ಲ. ಅವನು ಅಂಗಿಯ ತೋಳು ಮೇಲಕ್ಕೇರಿಸಿ, ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸಿ, ಮತ್ತೆ ತುಳಿಯುವನು. ಕೊನೆಗೆ ಅದು ಕೆಮ್ಮಿ, ಕರ್ರಗೆ ಹೊಗೆ ಉಗುಳಿ ಎದ್ದುಕೊಳ್ಳುತ್ತಿತ್ತು. ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ನಲ್ಲಿಯಣ್ಣ ಅನ್ನುವುದು ಬೀದಿಯವರು ಇಟ್ಟ ಹೆಸರು. ಮನೆಮನೆಗೆ ಹೋಗಿ ನಲ್ಲಿ, ಪೈಪು, ನೀರಿನ ಟ್ಯಾಂಕು ರಿಪೇರಿ ಮಾಡುವುದು ಅವನ ಕೆಲಸ. ಕೆಲಸದಲ್ಲಿ ಎತ್ತಿದ ಕೈ. ತಡವಾಗಿ ಕರೆಸಿದವರನ್ನು ಬೈಯುವುದರಲ್ಲೂ ಹಾಗೆಯೇ.

"ತೊಟ್ಟಿಕ್ಕೋವಾಗ್ಲೇ ಕರೆದಿದ್ರೆ ಒಂದು ವಾಷರಲ್ಲಿ ಮುಗಿದುಹೋಗ್ತಿತ್ತು. ಗೋಡೆ ಪೂರ್ತಿ ನೆನೆದ ಮೇಲೆ ಕರೀತೀರಲ್ಲ, ನಿಮಗೆ ಏನು ಹೇಳ್ಲಿ!" ಎಂದು ಬೈದುಕೊಂಡೇ ಗೋಡೆ ಒಡೆಯುತ್ತಿದ್ದ.

ಆದರೆ ಬೈಕಿನ ಮಾತು ಬಂದರೆ ಮಾತ್ರ ಅವನಿಗೆ ಕಿವಿಯೇ ಕೇಳುತ್ತಿರಲಿಲ್ಲ. ಆ ಬೈಕಿನ ಎಣ್ಣೆ ಬದಲಾಯಿಸಿ ಎಷ್ಟು ಕಾಲವಾಗಿತ್ತೋ ಅವನಿಗೇ ನೆನಪಿರಲಿಲ್ಲ. ಚೈನು ಜೋತುಬಿದ್ದಿತ್ತು. ಹಿಂದಿನ ಬ್ರೇಕಿನ ಪೆಡಲನ್ನು ಕೊನೆಯವರೆಗೆ ತುಳಿದರೂ ಗಾಡಿ ಇನ್ನಷ್ಟು ದೂರ ಹೋಗಿಯೇ ನಿಲ್ಲುತ್ತಿತ್ತು. ಅದಕ್ಕೆ ಅವನು ಎಡಗಾಲನ್ನು ನೆಲಕ್ಕೆ ಉಜ್ಜುವುದನ್ನು ರೂಢಿ ಮಾಡಿಕೊಂಡಿದ್ದ. ಹಾಗಾಗಿ ಅವನ ಎಡಗಾಲಿನ ಚಪ್ಪಲಿ ಬಲಗಾಲಿನದಕ್ಕಿಂತ ಮೊದಲೇ ಸವೆದುಹೋಗುತ್ತಿತ್ತು.

ಅವನ ಹೆಂಡತಿ ಪುಸ್ತಕ ಬೈಂಡಿಂಗ್ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ದಿನವೂ ಅವಳನ್ನು ಅಲ್ಲಿಗೆ ಬಿಟ್ಟು ಇವನು ಮುಂದೆ ಹೋಗುತ್ತಿದ್ದ. ಹಿಂದೆ ಕೂತವಳಿಗೆ ಚೈನಿನ ಸದ್ದು ಚೆನ್ನಾಗಿ ಕೇಳುತ್ತಿತ್ತು.

"ರೀ, ಚೈನು ಕಟಕಟ ಅಂತಿದೆ. ತಿಂಗಳಿಂದ ಹೇಳ್ತಾನೇ ಇದೀನಿ," ಎಂದಳು ಒಂದು ದಿನ.

"ಹಳೇ ಗಾಡಿ ಅಂದ್ಮೇಲೆ ಸದ್ದು ಮಾಡದೆ ಇರುತ್ತಾ? ನಮ್ಮಮ್ಮನ ಮಂಡಿನೂ ಕಟಕಟ ಅನ್ನುತ್ತೆ. ಹಾಗಂತ ಬಿಚ್ಚಿ ನೋಡ್ತೀವಾ?"

ಬಾಗಿಲ ಬಳಿ ಕೂತಿದ್ದ ಅವನ ಅಮ್ಮ ಅಲ್ಲಿಂದಲೇ ಕೂಗಿದಳು. "ನನ್ನ ಮಂಡಿಗೆ ದಿನಾ ಎಣ್ಣೆ ಹಚ್ಚಿ ತಿಕ್ಕೋತೀನಿ ಕಣೋ. ನಿನ್ನ ಗಾಡಿಗೆ ಯಾವತ್ತು ಹಚ್ಚಿದೀಯ?"

ಹೆಂಡತಿ ನಕ್ಕಳು. ಅವನೂ ನಕ್ಕ. "ಗ್ಯಾರೇಜಿಗೆ ಬಿಟ್ರೆ ಎರಡು ದಿನ ಕೆಲಸಕ್ಕೆ ಚಕ್ಕರ್. ಓಡ್ತಾ ಇದೆಯಲ್ಲ, ಓಡ್ಲಿ ಬಿಡು," ಎಂದು ಕಿಕ್ಕರ್ ತುಳಿದ.

ಅದಾದ ಮೇಲೆ ಒಂದು ಮಂಗಳವಾರ ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿತ್ತು. ಪೊರೆ ತೆಗೆಸಿಕೊಂಡು ಮೂರು ತಿಂಗಳಾಗಿತ್ತು. ಇನ್ನೊಮ್ಮೆ ತೋರಿಸಿಕೊಂಡು ಬಂದರೆ ಮುಗಿಯಿತು ಎಂದು ಡಾಕ್ಟರು ಹೇಳಿದ್ದರು. ಅಮ್ಮನಿಗೆ ಖುಷಿ. ದಾರಿಯುದ್ದಕ್ಕೂ ಅಂಗಡಿಯ ಬೋರ್ಡುಗಳನ್ನು ಒಂದೂ ಬಿಡದೆ ಗಟ್ಟಿಯಾಗಿ ಓದುತ್ತಾ ಬಂದಳು.

ನಾಲ್ಕು ರಸ್ತೆ ಕೂಡುವ ಕಡೆ ಬೈಕು ಸ್ವಲ್ಪ ವೇಗ ತೆಗೆದುಕೊಂಡಿತು. ಕೆಳಗಿನಿಂದ ಟಪ್ಪೆಂದು ಒಂದು ಸದ್ದು ಬಂತು. ಸಡಿಲವಾಗಿದ್ದ ಚೈನು ಹಲ್ಲಿನ ಚಕ್ರದಿಂದ ಕಳಚಿ ಹಿಂದಿನ ಚಕ್ರದ ಸಂದಿಗೆ ಸಿಕ್ಕಿಕೊಂಡಿತು. ಚಕ್ರ ತಿರುಗುವುದು ನಿಂತೇಹೋಯಿತು. ಬೈಕು ಅಡ್ಡಡ್ಡಕ್ಕೆ ಜಾರಿ ಉರುಳಿತು. ನಲ್ಲಿಯಣ್ಣ ಒಂದು ಕಡೆ ಬಿದ್ದ, ಅಮ್ಮ ಇನ್ನೊಂದು ಕಡೆ. ಹಿಂದೆ ಬರುತ್ತಿದ್ದ ವ್ಯಾನಿನವನು ಕಿರ್ರೆಂದು ಬ್ರೇಕು ಹಾಕಿದ. ವ್ಯಾನಿನ ಚಕ್ರ ಅಮ್ಮನ ಕಾಲಿನಿಂದ ಒಂದು ಗೇಣು ದೂರದಲ್ಲಿ ನಿಂತಿತು.

ನಲ್ಲಿಯಣ್ಣ ಎದ್ದು ಓಡಿಬಂದ. ಅಮ್ಮನ ಹೆಲ್ಮೆಟ್ಟಿನ ಒಂದು ಪಕ್ಕ ಪೂರ್ತಿ ಉಜ್ಜಿಹೋಗಿತ್ತು. ತಲೆಗೆ ಏನೂ ಆಗಿರಲಿಲ್ಲ. ಎಡಗೈ ಮಣಿಕಟ್ಟು ಮಾತ್ರ ಸೊಟ್ಟಗಾಗಿ ನೇತಾಡುತ್ತಿತ್ತು. ಅಷ್ಟು ನೋವಿನಲ್ಲೂ ಅವಳು ಮೊದಲು ಕೇಳಿದ್ದು, "ನಿಂಗೇನೂ ಆಗ್ಲಿಲ್ಲ ತಾನೆ, ಮಗಾ?" ಎಂದು.

ಅವನು ಅಮ್ಮನನ್ನು ಎತ್ತಿ ರಸ್ತೆಯ ಬದಿಗೆ ಕೂರಿಸಿದ.

ಸಂಜೆ ಅಮ್ಮನ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದರು. ಬೈಕನ್ನು ಯಾರೋ ಪುಣ್ಯಾತ್ಮರು ವಿಳಾಸ ಕೇಳಿಕೊಂಡು ಸಾಮಾನು ಗಾಡಿಯಲ್ಲಿ ಹಾಕಿ ತಂದು ಅಂಗಳದಲ್ಲಿ ಬಿಟ್ಟುಹೋಗಿದ್ದರು. ಅಮ್ಮ ಮಾತ್ರೆ ನುಂಗಿ ಮಲಗಿದಳು. ನಲ್ಲಿಯಣ್ಣ ಹೆಂಡತಿಯ ಮುಖ ನೋಡದೆಯೇ ಹೇಳಿದ. "ರಸ್ತೆ ಸರಿಯಿಲ್ಲ. ಅಲ್ಲಿ ಮೊನ್ನೆ ಅಗೆದವರು ಸರಿಯಾಗಿ ಮುಚ್ಚಿಲ್ಲ."

ಹೆಂಡತಿ ಮೆಲ್ಲಗೆ, ಸಿಟ್ಟಿಲ್ಲದೆ ಅಂದಳು. "ತೊಟ್ಟಿಕ್ಕೋವಾಗ್ಲೇ ಕರೀಬೇಕಿತ್ತು ಅಂತ ಊರಿಗೆಲ್ಲ ಹೇಳ್ತೀರಿ. ನಮ್ಮನೇಲಿ ತಿಂಗಳಿಂದ ತೊಟ್ಟಿಕ್ತಾ ಇತ್ತು ರೀ."

ಅವನು ಎದ್ದು ಹಿತ್ತಲಿಗೆ ಹೋಗಿ, ನಲ್ಲಿ ತಿರುಗಿಸಿ, ಬಹಳ ಹೊತ್ತು ಮುಖ ತೊಳೆದುಕೊಂಡ.

ಮಾರನೆಯ ದಿನ ಎದುರು ಮನೆಯ ಡಿಪೋ ಅಕ್ಕ ಅಮ್ಮನನ್ನು ನೋಡಲು ಬಂದಳು. ಡಿಪೋ ಅಕ್ಕ ಬಸ್ ಡಿಪೋದಲ್ಲಿ ಇಪ್ಪತ್ತಾರು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತಳಾದವಳು. ಈಗಲೂ ಬೀದಿಯಲ್ಲಿ ಯಾವ ಗಾಡಿ ಹೋದರೂ ಕಿವಿಗೊಟ್ಟು ಕೇಳಿ, ಅದಕ್ಕೇನು ಕಾಯಿಲೆ ಎಂದು ಹೇಳುತ್ತಿದ್ದಳು. ನಲ್ಲಿಯಣ್ಣ ಅವಳನ್ನು ಕಂಡರೆ ಇಷ್ಟು ದಿನ ತಪ್ಪಿಸಿಕೊಂಡು ಓಡಾಡುತ್ತಿದ್ದ.

ಅವಳು ಹೊರಬರುವಾಗ ನಲ್ಲಿಯಣ್ಣ ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ.

"ಗುಜರಿಗೆ ಹಾಕ್ತೀನಿ ಅಕ್ಕ," ಎಂದ. "ಈ ದರಿದ್ರದ ಮುಖ ನೋಡೋಕಾಗ್ತಿಲ್ಲ ನಂಗೆ."

"ಹಾಕು. ಆಮೇಲೆ ಸಾಮಾನಿನ ಪೆಟ್ಟಿಗೆ ತಲೆ ಮೇಲೆ ಹೊತ್ಕೊಂಡು ಹೋಗ್ತೀಯಾ ಕೆಲಸಕ್ಕೆ?"

"ಇನ್ನೊಂದು ನೋಡ್ತೀನಿ."

"ಅದನ್ನೂ ಹಿಂಗೇ ಇಟ್ಕೋತೀಯ. ಗಾಡಿ ಬದಲಾದ್ರೆ ಅಭ್ಯಾಸ ಬದಲಾಗುತ್ತಾ, ತಮ್ಮ?"

ಡಿಪೋ ಅಕ್ಕ ಅವನ ಪಕ್ಕದಲ್ಲೇ ಕೂತಳು. ಹ್ಯಾಂಡಲ್ ನೇರವಿದೆಯೇ ನೋಡಿದಳು. ಮುಂದಿನ ಚಕ್ರ ಎತ್ತಿಸಿ ತಿರುಗಿಸಿದಳು. ಹಿಂದಿನ ಚಕ್ರದ ಹಲ್ಲುಗಳ ಮೇಲೆ ಬೆರಳಾಡಿಸಿದಳು. "ಇಲ್ಲಿ ನೋಡು. ಹಲ್ಲೆಲ್ಲ ಸವೆದು ಮುಳ್ಳಿನ ಥರ ಬಾಗಿದೆ. ಹೀಗಾದ್ರೆ ಚೈನಿಗೆ ಹಿಡಿತ ಎಲ್ಲಿಂದ ಬರ್ಬೇಕು? ಆದ್ರೆ ಫ್ರೇಮು ಗಟ್ಟಿಯಾಗಿದೆ. ಇಂಜಿನ್ನೂ ಪರವಾಗಿಲ್ಲ ಅನ್ಸುತ್ತೆ. ಹೋಗಿರೋದು ಸವೆಯೋ ಸಾಮಾನು ಮಾತ್ರ. ಅವು ಇರೋದೇ ಸವೆಯೋಕೆ. ಸವೆದಾಗ ಬದಲಾಯಿಸೋದು ನಮ್ಮ ಪಾಲಿನ ಕೆಲಸ. ನೀನು ದಿನಾ ಪಾನಾ, ಸ್ಪ್ಯಾನರ್ ಹಿಡಿಯೋ ಮನುಷ್ಯ. ಇಷ್ಟು ದಿನ ಯಾಕೆ ಮುಟ್ಟಲಿಲ್ಲ?"

ನಲ್ಲಿಯಣ್ಣ ತಲೆ ತಗ್ಗಿಸಿದ.

"ನಿಜ ಹೇಳ್ಲಾ ಅಕ್ಕ? ನಂಗೆ ಭಯ. ತಗೊಂಡ ಹೊಸದ್ರಲ್ಲಿ ಒಂದ್ಸಲ ಕಾರ್ಬೊರೇಟರ್ ಬಿಚ್ಚಿದ್ದೆ. ತಿರುಗಿ ಜೋಡಿಸೋಕೆ ಬರಲಿಲ್ಲ. ಬಿಡಿಭಾಗ ಎಲ್ಲ ಒಂದು ಚೀಲದಲ್ಲಿ ಹಾಕ್ಕೊಂಡು, ಗಾಡಿ ತಳ್ಕೊಂಡು ಗ್ಯಾರೇಜಿಗೆ ಹೋದೆ. ಅಲ್ಲಿದ್ದವರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ರು. 'ನಲ್ಲಿ ಬಿಚ್ಚಿದ ಹಾಗೆ ಅಂದ್ಕೊಂಡ್ಯಾ' ಅಂದ್ರು. ಅವತ್ತಿಂದ ಅದಕ್ಕೆ ಕೈ ಹಚ್ಚಿಲ್ಲ. ಗ್ಯಾರೇಜಿಗೂ ಹೋಗಿಲ್ಲ. ಸದ್ದು ಕೇಳಿಸ್ತಿತ್ತು ಅಕ್ಕ. ಕೇಳಿಸ್ದೇ ಇರೋ ಹಾಗೆ ಇದ್ದೆ."

ಡಿಪೋ ಅಕ್ಕ ನಗಲಿಲ್ಲ. ತನ್ನ ಬಲಗೈಯನ್ನು ಅವನ ಮುಂದೆ ಚಾಚಿದಳು. ಉಂಗುರದ ಬೆರಳಿನ ತುದಿಯೇ ಇರಲಿಲ್ಲ. ಇಷ್ಟು ವರ್ಷ ಎದುರು ಮನೆಯಲ್ಲಿದ್ದರೂ ಅವನು ಅದನ್ನು ಗಮನಿಸಿರಲಿಲ್ಲ.

"ನಂಗೆ ಇಪ್ಪತ್ಮೂರು ವಯಸ್ಸು. ಡಿಪೋಗೆ ಸೇರಿ ಎರಡು ವರ್ಷ ಆಗಿತ್ತು, ಎಲ್ಲ ಬರುತ್ತೆ ಅನ್ನೋ ಧಿಮಾಕು. ಮನೇಲಿ ನನ್ನ ಬೈಕಿನ ಚೈನು ಒರೆಸ್ತಾ ಇದ್ದೆ. ಕೈಯಲ್ಲಿ ಚಕ್ರ ತಿರುಗಿಸೋಕೆ ಸೋಮಾರಿತನ. ಇಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ಬಟ್ಟೆ ಹಿಡಿದೆ. ಬಟ್ಟೆ ಎಳ್ಕೊಂಡ್ತು, ಅದರ ಜೊತೆ ಬೆರಳೂ ಹೋಯ್ತು. ಬರದೇ ಇರೋದು ತಪ್ಪಲ್ಲ ತಮ್ಮ. ಕೇಳದೇ ಇರೋದು, ಅವಸರ ಮಾಡೋದು, ಅದು ತಪ್ಪು. ಭಾನುವಾರ ಬೆಳಗ್ಗೆ ಬರ್ತೀನಿ. ಅಂಗಳ ಗುಡಿಸಿಟ್ಟಿರು."

ಆ ವಾರವೆಲ್ಲ ನಲ್ಲಿಯಣ್ಣ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ನಡೆದೇ ಕೆಲಸಕ್ಕೆ ಹೋದ. ಅಕ್ಕ ಬರೆದುಕೊಟ್ಟ ಚೀಟಿ ಹಿಡಿದು ಬಿಡಿಭಾಗದ ಅಂಗಡಿಯಲ್ಲಿ ಹೊಸ ಚೈನು, ಮುಂದಿನ ಹಿಂದಿನ ಹಲ್ಲಿನ ಚಕ್ರಗಳು, ಬ್ರೇಕ್ ಶೂ, ಬ್ರೇಕ್ ಕೇಬಲ್ಲು, ಏರ್ ಫಿಲ್ಟರ್, ಇಂಜಿನ್ ಆಯಿಲ್ ತಂದ. ಉಜ್ಜಿಹೋದ ಹೆಲ್ಮೆಟ್ಟನ್ನು ಬಿಸಾಡಿ ಹೊಸದು ತಂದ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟು ಹೊರಗೆ ಚೆನ್ನಾಗಿ ಕಂಡರೂ ಇನ್ನೊಂದು ಪೆಟ್ಟು ತಡೆಯದು ಎಂದು ಅಕ್ಕ ಹೇಳಿದ್ದಳು.

ಭಾನುವಾರ ಬೆಳಗ್ಗೆ ಹೆಂಡತಿ ಒಂದು ಪುಸ್ತಕ ತಂದು ಅವನ ಕೈಗಿಟ್ಟಳು. ಬೈಕು ತಯಾರಿಸಿದ ಕಂಪನಿಯ ಕೈಪಿಡಿ. ಫೋನಿನಲ್ಲಿ ಹುಡುಕಿ, ಪ್ರಿಂಟು ತೆಗೆಸಿ, ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಕೂತು ತಾನೇ ಹೊಲಿದು ನೀಲಿ ರಟ್ಟು ಹಾಕಿದ್ದಳು.

"ಎಷ್ಟು ಎಣ್ಣೆ, ಯಾವ ಎಣ್ಣೆ, ಟೈರಿಗೆ ಎಷ್ಟು ಗಾಳಿ, ಎಲ್ಲ ಇದೆ ಇದ್ರಲ್ಲಿ," ಎಂದಳು. "ಇನ್ಮೇಲೆ ಯಾರೂ ನಗೋ ಹಾಗಿಲ್ಲ."

ಅವನು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದ. ನೀಲಿ ರಟ್ಟು ಸವರಿದ.

ಡಿಪೋ ಅಕ್ಕ ಹಳೇ ನೀಲಿ ಅಂಗಿ ತೊಟ್ಟು ಬಂದಳು. ಬೈಕನ್ನು ಸಮತಟ್ಟಾದ ಜಾಗದಲ್ಲಿ ಎರಡು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ಇಂಜಿನ್ನನ್ನು ಮೂರು ನಾಲ್ಕು ನಿಮಿಷ ಓಡಿಸಿ ಆರಿಸಿದರು.

"ಸ್ವಲ್ಪ ಬಿಸಿಯಾದ್ರೆ ಎಣ್ಣೆ ಸಲೀಸಾಗಿ ಇಳಿಯುತ್ತೆ," ಎಂದಳು ಅಕ್ಕ. "ಆದ್ರೆ ಬಾಗಿಲು ಹಾಕಿದ ಕೋಣೇಲಿ ಮಾತ್ರ ಇಂಜಿನ್ ಓಡಿಸ್ಬೇಡ. ಆ ಹೊಗೆ ಉಸಿರು ಕಟ್ಟಿಸಿಬಿಡುತ್ತೆ. ಬೆಂಕಿಕಡ್ಡಿ, ಬೀಡಿ ಹತ್ತಿರಾನೂ ಸುಳೀಬಾರ್ದು."

ಅಮ್ಮ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಒಂದು ಕೈಗೆ ಪ್ಲಾಸ್ಟರ್, ಇನ್ನೊಂದು ಕೈಯ ಪಕ್ಕದಲ್ಲಿ ಮೊಟ್ಟೆಯ ಟ್ರೇ. ಬಿಚ್ಚಿದ ಬೋಲ್ಟು, ನಟ್ಟುಗಳನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ ಹಾಕುವುದು ಅವಳ ಕೆಲಸ. "ಇದು ಮೂರನೇದು. ಕೇಳ್ದಾಗ ಕೊಡ್ತೀನಿ. ಚೀಲಕ್ಕೆ ಹಾಕೋಕೆ ಬಿಡಲ್ಲ," ಎಂದು ಮಗನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಕಾರ್ಬೊರೇಟರಿನ ಕಥೆ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು!

ಇಂಜಿನ್ನಿನ ಕೆಳಗಿನ ಬೋಲ್ಟು ಬಿಚ್ಚಿದಾಗ ಹಳೇ ಬೋಗುಣಿಗೆ ಇಳಿದ ಎಣ್ಣೆ ನೋಡಿ ಎಲ್ಲರೂ ಮೂಗು ಮುರಿದರು. ಡಾಂಬರಿನಂತೆ ಕಪ್ಪು, ಇರಬೇಕಾದದ್ದರ ಅರ್ಧದಷ್ಟೂ ಇರಲಿಲ್ಲ. "ಇಷ್ಟರಲ್ಲೇ ಓಡ್ತಿತ್ತಾ ಪಾಪ," ಎಂದಳು ಅಮ್ಮ. ಅಕ್ಕ ಹಳೇ ಎಣ್ಣೆಯನ್ನು ಡಬ್ಬಿಗೆ ಸುರಿಸಿದಳು. ಅದನ್ನು ಚರಂಡಿಗೋ ಗಿಡದ ಬುಡಕ್ಕೋ ಚೆಲ್ಲದೆ ಗ್ಯಾರೇಜಿನವರಿಗೆ ಕೊಡಬೇಕು ಎಂದಳು. ನಲ್ಲಿಯಣ್ಣ ಬೋಲ್ಟನ್ನು ತಿರುಗಿ ಹಾಕುತ್ತಾ ಹಲ್ಲು ಕಚ್ಚಿ ಬಿಗಿಯತೊಡಗಿದ.

"ಏಯ್, ಸಾಕು ಸಾಕು! ಇದು ನಿನ್ನ ಕಬ್ಬಿಣದ ಪೈಪಲ್ಲ. ಇಂಜಿನ್ ಗೂಡು ಅಲ್ಯೂಮಿನಿಯಮ್ಮು, ಮೆತ್ತಗಿರುತ್ತೆ, ಬೋಲ್ಟು ಕೂರೋ ತಿರುಪಿನ ಗೆರೆಯೇ ಕಿತ್ತು ಬರುತ್ತೆ," ಎಂದು ಅಕ್ಕ ಅವನ ಕೈ ಹಿಡಿದಳು.

ಏರ್ ಫಿಲ್ಟರ್ ಹೊರಬಂದಾಗ ಅದರೊಳಗೆ ಒಂದು ಮುಷ್ಟಿ ಧೂಳಿತ್ತು. "ಮೂಗಿಗೆ ಬಟ್ಟೆ ತುರುಕಿ ನಿನ್ನನ್ನ ಮೆಟ್ಟಿಲು ಹತ್ತಿಸಿದ್ರೆ ಹೆಂಗಿರುತ್ತೆ? ಕರೀ ಹೊಗೆ ಬರ್ತಿದ್ದಿದ್ದು, ಬೆಳಗ್ಗೆ ಬೆಳಗ್ಗೆ ನೀನು ಹದಿನೈದು ಸಲ ತುಳೀತಿದ್ದಿದ್ದು, ಮುಕ್ಕಾಲು ಪಾಲು ಇದಕ್ಕೇ," ಎಂದಳು ಅಕ್ಕ.

ಬ್ರೇಕಿನ ಗೂಡು ತೆಗೆದಾಗ ನಲ್ಲಿಯಣ್ಣ ಒಳಗಿನ ಧೂಳನ್ನು ಊದಲು ಬಾಯಿ ಹತ್ತಿರ ಒಯ್ದ. ಅಕ್ಕ ತಟಕ್ಕನೆ ತಡೆದಳು. ಆ ಧೂಳು ಎದೆಗೆ ಒಳ್ಳೆಯದಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು ಎಂದಳು. ಚಕ್ರವನ್ನು ಒತ್ತಿ ನಿಲ್ಲಿಸುವ ಹಳೇ ಬ್ರೇಕ್ ಶೂ ಉಗುರಿನಷ್ಟು ತೆಳುವಾಗಿತ್ತು. ನಲ್ಲಿಯಣ್ಣ ಅದನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

"ಇದನ್ನ ನಂಬ್ಕೊಂಡು ನಿಮ್ಮಿಬ್ರನ್ನೂ ಕೂರಿಸ್ಕೊಂಡು ಓಡಾಡ್ತಿದ್ನಲ್ಲ," ಎಂದ.

"ಈಗ ನೋಡಿದ್ರಲ್ಲ. ಹೊಸದು ಹಾಕಿ," ಎಂದಳು ಹೆಂಡತಿ. "ಕೈ ತೊಳ್ಕೊಂಡು ಹಾಕಿ. ಬ್ರೇಕಿಗೆ ಎಣ್ಣೆ ಕೈ ತಾಗಬಾರ್ದಂತೆ, ಪುಸ್ತಕದಲ್ಲಿದೆ."

ಹಿಂದಿನ ಟೈರಿನ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಅದು ಮನೆಯಲ್ಲಿ ಆಗುವ ಕೆಲಸವಲ್ಲ ಎಂದು ಅಕ್ಕ ಖಂಡಿತವಾಗಿ ಹೇಳಿದಳು. ನಲ್ಲಿಯಣ್ಣ ಚಕ್ರವನ್ನೇ ಹೊತ್ತುಕೊಂಡು ಹೋಗಿ, ಟೈರಿನ ಅಂಗಡಿಯಲ್ಲಿ ಹೊಸ ಟೈರು ಹಾಕಿಸಿಕೊಂಡು ಬಂದ. ಆಮೇಲೆ ಹೊಸ ಚೈನು, ಹೊಸ ಹಲ್ಲುಗಳು ಕೂತವು. ಚೈನಿನ ಕೊಂಡಿಗೆ ಹಾಕುವ ಪುಟ್ಟ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ಕಡೆಗೇ ಮುಖ ಮಾಡಿರಬೇಕು, ಇಲ್ಲದಿದ್ದರೆ ಕಳಚೀತು ಎಂದು ಅಕ್ಕ ಎರಡು ಸಲ ತೋರಿಸಿದಳು. ಚೈನಿನ ಸಡಿಲ ಎಷ್ಟಿರಬೇಕೆಂದು ಹೆಂಡತಿ ಪುಸ್ತಕ ನೋಡಿ ಹೇಳಿದಳು. ಹಿಂದಿನ ಚಕ್ರದ ಎರಡೂ ಕಡೆಯ ಗುರುತು ಒಂದೇ ಸಮ ಬರುವಂತೆ ಬಿಗಿದರು. ಚೈನು ಬಿಗಿದ ಮೇಲೆ ಹಿಂದಿನ ಬ್ರೇಕನ್ನು ಮತ್ತೆ ಸರಿ ಹೊಂದಿಸಿದರು. ಮುಂದಿನ ಬ್ರೇಕಿನ ಕೇಬಲ್ಲಿನಲ್ಲಿ ನಾಲ್ಕೇ ಎಳೆ ಉಳಿದಿತ್ತು. ಅದೂ ಬದಲಾಯಿತು.

ಮಧ್ಯಾಹ್ನದ ಹೊತ್ತಿಗೆ ಮೊಟ್ಟೆಯ ಟ್ರೇ ಖಾಲಿಯಾಗಿತ್ತು. ಒಂದು ನಟ್ಟೂ ಉಳಿದಿರಲಿಲ್ಲ. ದೀಪ, ಹಾರನ್ನು ಎಲ್ಲ ನೋಡಿ ಆಯಿತು. ನಲ್ಲಿಯಣ್ಣ ಉಸಿರು ಬಿಗಿಹಿಡಿದು ಕಿಕ್ಕರ್ ತುಳಿದ. ಎರಡನೇ ತುಳಿತಕ್ಕೆ ಬೈಕು ಹೊತ್ತಿಕೊಂಡಿತು. ಹೊಗೆಯೂ ಇಲ್ಲ, ಕೆಮ್ಮೂ ಇಲ್ಲ. ಅವನು ಒಬ್ಬನೇ ಹತ್ತಿ, ಬೀದಿಯ ಕೊನೆಯವರೆಗೆ ನಿಧಾನವಾಗಿ ಹೋಗಿ, ನಾಲ್ಕು ಸಲ ಬ್ರೇಕು ಹಾಕಿ ನೋಡಿಕೊಂಡು ಬಂದ.

"ನಿಲ್ತಾ ಇದೆ ಅಕ್ಕ! ಹೇಳಿದ ಕಡೆ ನಿಲ್ತಾ ಇದೆ!" ಎಂದು ಕೂಗಿದ. ಆ ವಯಸ್ಸಿನ ಗಂಡಸು ಮಕ್ಕಳಂತೆ ನಗುವುದನ್ನು ನಮ್ಮ ಬೀದಿ ಅಂದೇ ನೋಡಿದ್ದು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬೈಕು ಸರಿಯಾದಷ್ಟು ಬೇಗ ಮನಸ್ಸು ಸರಿಯಾಗುವುದಿಲ್ಲ. ಆರು ವಾರದ ಮೇಲೆ ಅಮ್ಮನ ಪ್ಲಾಸ್ಟರ್ ಬಿಚ್ಚಿಸಲು ಹೊರಟಾಗ ಅವಳು ಬೈಕಿನ ಹತ್ತಿರ ಬಂದು, ಸೀಟು ಮುಟ್ಟಿ, ಹಿಂದೆ ಸರಿದಳು.

"ನೀನು ಚೆನ್ನಾಗೇ ಮಾಡಿದೀಯ ಮಗಾ. ಆದ್ರೆ ನಂಗಾಗ್ತಿಲ್ಲ. ಆ ವ್ಯಾನಿನ ಚಕ್ರ ಕಣ್ಮುಂದೆ ಬರುತ್ತೆ."

ನಲ್ಲಿಯಣ್ಣ ಒತ್ತಾಯ ಮಾಡಲಿಲ್ಲ. ಅವಳ ಜೊತೆ ಬಸ್ಸಿನಲ್ಲಿ ಹೋದ. ಕಣ್ಣು ತೋರಿಸಲು ಹೋದಾಗಲೂ ಬಸ್ಸೇ. ಮನೆಗೆ ಬಂದು ಮಾತ್ರ ಎರಡು ವಾರಕ್ಕೊಮ್ಮೆ ತಪ್ಪದೆ, ಇಂಜಿನ್ ಆರಿಸಿ, ಕೈಯಲ್ಲೇ ಚಕ್ರ ತಿರುಗಿಸುತ್ತಾ ಚೈನು ಒರೆಸಿ ಎಣ್ಣೆ ಬಿಡುತ್ತಿದ್ದ. ಹೆಂಡತಿ ಪುಸ್ತಕದ ಹಿಂದಿನ ಹಾಳೆಯಲ್ಲಿ ತಾರೀಕು ಬರೆದಿಡುತ್ತಿದ್ದಳು. ಅಮ್ಮ ಕುರ್ಚಿಯಲ್ಲಿ ಕೂತು ಅದನ್ನೆಲ್ಲ ನೋಡುತ್ತಿದ್ದಳು.

ಹೀಗೆ ನಾಲ್ಕು ತಿಂಗಳು ಕಳೆಯಿತು. ಒಂದು ಬೆಳಗ್ಗೆ ನಲ್ಲಿಯಣ್ಣ ಹೊರಡುವ ಹೊತ್ತಿಗೆ ಅಮ್ಮ ಹೊಸ ಹೆಲ್ಮೆಟ್ಟು ಹಾಕಿಕೊಂಡು, ಪಟ್ಟಿಯನ್ನೂ ಬಿಗಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನನ್ನ ತಂಗಿ ಮನೆಗೆ ಬಿಡ್ತೀಯೇನೋ?" ಎಂದಳು, ಏನೂ ಆಗಿಯೇ ಇಲ್ಲ ಎಂಬಂತೆ.

"ಬಿಡ್ತೀನಮ್ಮ. ಎರಡು ನಿಮಿಷ ನಿಂತ್ಕೋ," ಎಂದ. ಅವಳೆದುರೇ ಬಗ್ಗಿ ಎರಡೂ ಟೈರು ಒತ್ತಿ ನೋಡಿದ. ಚೈನನ್ನು ಬೆರಳಲ್ಲಿ ಎತ್ತಿ ನೋಡಿದ. ಮುಂದಿನ ಬ್ರೇಕು, ಹಿಂದಿನ ಬ್ರೇಕು, ದೀಪ. ಅಮ್ಮ ಅವಸರ ಮಾಡಲಿಲ್ಲ. ಎಲ್ಲ ಮುಗಿದ ಮೇಲೆ ಮಗನ ಭುಜ ಹಿಡಿದು ಹತ್ತಿ ಕೂತಳು. ಮೊದಲ ತಿರುವಿನವರೆಗೆ ಅವಳ ಹಿಡಿತ ಬಿಗಿಯಾಗಿತ್ತು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸಡಿಲವಾಯಿತು ಎಂದು ಅವನೇ ಹೇಳುತ್ತಾನೆ.

ಈ ಕಥೆ ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯ ಮುಂದೆಯೂ ಒಂದು ಹಳೇ ಗಾಡಿ ನಿಂತಿರಬಹುದು. ಮುಂದಿನ ತಿಂಗಳು ನೋಡಿದರಾಯಿತು ಎಂದು ನೀವೂ ಹೇಳಿಕೊಂಡಿರಬಹುದು. ಈ ಭಾನುವಾರ ಅದರ ಪಕ್ಕ ಅರ್ಧ ಗಂಟೆ ಕೂರಿ. ಬ್ರೇಕು ಎಲ್ಲಿ ಹಿಡಿಯುತ್ತದೆ, ಚೈನು ಎಷ್ಟು ಜೋತಿದೆ, ಟೈರು ಬಿರುಕು ಬಿಟ್ಟಿದೆಯೇ, ಎಣ್ಣೆ ಎಷ್ಟಿದೆ, ದೀಪ ಉರಿಯುತ್ತದೆಯೇ ನೋಡಿ. ನಿಮಗೆ ಬರುವುದನ್ನು ಇಂಜಿನ್ ಆರಿಸಿಯೇ, ಸಾವಕಾಶವಾಗಿ ಮಾಡಿ. ಬಾರದ್ದನ್ನು ಬಲ್ಲವರನ್ನು ಕೇಳಿ. ಕೇಳಲು ನಾಚಿಕೆ ಬೇಡ. ಬಲ್ಲವರು ನೀವಾಗಿದ್ದರೆ, ಕೇಳಲು ಬಂದವರನ್ನು ನೋಡಿ ದಯವಿಟ್ಟು ನಗಬೇಡಿ. ಗ್ಯಾರೇಜಿನ ಕೆಲಸವನ್ನು ಗ್ಯಾರೇಜಿಗೇ ಬಿಡಿ.

ನಿಮ್ಮ ಹಿಂದೆ ಕೂರುವವರಿಗೆ ಬ್ರೇಕು ಕಾಣುವುದಿಲ್ಲ, ಚೈನು ಕಾಣುವುದಿಲ್ಲ. ಅವರು ನಿಮ್ಮ ಭುಜವನ್ನಷ್ಟೇ ನಂಬಿ ಹತ್ತುತ್ತಾರೆ.